ತೋಪಿನ ಬಾಯಾಗಿನ ಆನಿ

ಮಕ್ಕಳ ಕಥೆಗಳು ಎಲ್ಲಿಂದ ಹುಟ್ಟುತ್ತವೆ ಎಂಬ ಬಗ್ಗೆ ಪ್ರಶ್ನೆ ಕಳಿಸಿ ಎಂದು ಹೋದ ಸಂಚಿಕೆಯಲ್ಲಿ ಕೇಳಿದ್ದೆವು. ಈ ಸಲ ಉತ್ತರ ಕೊಟ್ಟವರು ವಿಜಯಪುರದ ನಿವೃತ್ತ ಶಿಕ್ಷಕಿ, ಮಕ್ಕಳ ಕಥೆಗಾರ್ತಿ. ನಮ್ಮ ಓದುಗರಿಗೆಲ್ಲ ಅವರು ಅಕ್ಕೋರು.

ಪ್ರಶ್ನೆ: ಅಕ್ಕೋರ, ನಮಸ್ಕಾರ್ರಿ. ನಾನೂ ಸಾಲಿ ಮಾಸ್ತರ. ಮಕ್ಕಳಿಗೆ ಕಥಿ ಬರೀಬೇಕಂತ ರವಿವಾರಕ್ಕೊಮ್ಮೆ ಬಾಗಲಾ ಹಾಕ್ಕೊಂಡು ಕೂಡ್ತೀನಿ. ನಾಕ ಸಾಲಿಗೆ ನಿಂತ ಬಿಡ್ತೈತಿ. ನಿಮಗ ಕಥಿ ಎಲ್ಲಿ ಸಿಗತಾವ್ರಿ? (ಇಂಡಿ)

ಉತ್ತರ: ರವಿವಾರ ಕೂಡುವುದೇ ತಪ್ಪು, ಮಾಸ್ತರ. ಅವತ್ತು ಶಾಲೆಗೆ ಸೂಟಿ, ಮಕ್ಕಳಿರುವುದಿಲ್ಲ. ಮೇಲೆ ಬಾಗಿಲನ್ನೂ ಹಾಕಿಕೊಳ್ಳುತ್ತೀರಿ.

ನನ್ನ ಒಂದು ಕಥೆ ಸಿಕ್ಕ ಜಾಗ ಹೇಳುತ್ತೇನೆ. ನಾಲ್ಕನೆಯ ಇಯತ್ತೆಯ ಮಕ್ಕಳನ್ನು ಷರ್ಜಾ ಬುರುಜಿಗೆ ಕರೆದುಕೊಂಡು ಹೋಗಿದ್ದೆ, ಮಲಿಕ್-ಎ-ಮೈದಾನ್ ತೋಪು ತೋರಿಸಲು. 1549ರಲ್ಲಿ ಅಹ್ಮದ್‌ನಗರದಲ್ಲಿ ಎರಕ ಹೊಯ್ದದ್ದು, ತೂಕ 55 ಟನ್, ಎಂದು ನಾನು ಶುರು ಮಾಡಿದೆ. ಯಾರೂ ಕೇಳಲಿಲ್ಲ. ಹುಡುಗರು ತೋಪಿಗೆ ಕಲ್ಲು ಬಡಿದು ಅದು ಗಂಟೆಯ ಹಾಗೆ ನಾದ ಕೊಡುವುದನ್ನು ಪರೀಕ್ಷೆ ಮಾಡುತ್ತಿದ್ದರು. ಹಿಂದೆ ತೋಪು ಹಾರಿಸಿದವನು ಕಿವಿ ಉಳಿಸಿಕೊಳ್ಳಲು ಪಕ್ಕದ ನೀರಿನ ಹೊಂಡಕ್ಕೆ ಜಿಗಿಯುತ್ತಿದ್ದನಂತೆ ಅಂದಾಗ ಮಾತ್ರ ನಾಲ್ಕು ಜನ ತಿರುಗಿ ನೋಡಿದರು.

ಆ ತೋಪಿನ ಬಾಯಿ ಸಿಂಹದ ಬಾಯಿ. ಕೋರೆಹಲ್ಲಿನ ನಡುವೆ ಒಂದು ಆನೆ ಸಿಕ್ಕಿಕೊಂಡಿದೆ. ಒಬ್ಬ ಹುಡುಗಿ ಅದರ ಮುಂದೆ ಕುಕ್ಕರಗಾಲಲ್ಲಿ ಕೂತು, "ಅಕ್ಕೋರ, ಈ ಆನಿ ಇನ್ನೂ ಜೀವಂತ ಐತ್ರೀ?" ಅಂತ ಕೇಳಿದಳು. ನಾನು ಉತ್ತರ ಹುಡುಕುವುದರೊಳಗೆ ಇನ್ನೊಬ್ಬ, "ಸತ್ತಿದ್ರ ಸಿಂಹ ಯಾವಾಗರೆ ನುಂಗಿ ಬಿಡತಿತ್ತಲೇ" ಅಂದ. ಅಲ್ಲಿಗೆ ಆನೆ ಜೀವಂತ ಎಂದು ಠರಾವಾಯಿತು. ಹಾಗಾದರೆ ಹೊರಗೆ ತೆಗೆಯುವುದು ಹೇಗೆ? ಸಿಂಹ ಬಾಯಿ ಬಿಡಬೇಕು. ಬಾಯಿ ಬಿಡಲು? "ಸೀನು ಬರಬೇಕ್ರೀ!" ಸೀನು ಬರಲು? ಡಬ್ಬಿಯಲ್ಲಿ ಕೆಂಪಖಾರ ತಂದವರು ಯಾರು ಎಂದು ಹುಡುಕಾಟ ಶುರುವಾಯಿತು. ತೋಪಿಗೆ ಖಾರ ಬೀಳುವ ಮೊದಲು ನಾನು ಸೀಟಿ ಊದಿದೆ.

ಕಥೆ ಮುಗಿಯಿತಲ್ಲ. ನಾನು ಬರೆದದ್ದು ಆಚೆಗಿನ ಅರ್ಧ ಪುಟ, ಆನೆ ಹೊರಬಿದ್ದ ಮೇಲೆ ನೀರು ಕುಡಿಯಲು ತಾಜಬಾವಡಿಗೆ ಹೋದದ್ದು.

ನನ್ನ ಹತ್ತಿರ ಒಂದು ಉದ್ದನೆಯ ನೋಟಬುಕ್ ಇದೆ. ಎಡಪುಟದಲ್ಲಿ ಮಕ್ಕಳು ಆಡಿದ ಮಾತು, ಆಡಿದ ಹಾಗೆಯೇ, ತಿದ್ದದೆ. ಬಲಪುಟ ಖಾಲಿ. ಎಷ್ಟೋ ಬಲಪುಟಗಳು ಇನ್ನೂ ಖಾಲಿಯೇ ಇವೆ. ಬಂದವರೆಲ್ಲ "ಗೋಳಗುಮ್ಮಟದ ಮ್ಯಾಲ ಬರೀರಿ" ಅನ್ನುತ್ತಾರೆ. ಒಬ್ಬ ಹುಡುಗ ಅಲ್ಲಿ ತನ್ನ ಹೆಸರು ಏಳು ಸಲ ಕೇಳಿಸಿಕೊಂಡು, "ಎಂಟನೇದು ಎಲ್ಲಿ ಹೋತ್ರೀ?" ಅಂದ. ಚಿನ್ನದಂಥ ಮಾತು. ಹದಿನಾಲ್ಕು ವರ್ಷದಿಂದ ಅದರ ಎದುರಿನ ಪುಟ ಖಾಲಿ. ಗುಮ್ಮಟ ಅಷ್ಟು ದೊಡ್ಡದಾಯಿತು ನನಗೆ.

ಪ್ರಶ್ನೆ: ಮಗಳಿಗೆ ಜ್ವರ ಬಂದು ಹತ್ತು ದಿನ ಮಲಗಿದ್ದಳು. ಆಗ ಹೇಳಿದ ಮೊಲದ ಕಥೆ ಅವಳಿಗೆ ಬಹಳ ಹಿಡಿಸಿತು. ಬರೆದು ನೋಡಿದರೆ ಸಪ್ಪೆ ಆಗಿದೆ. ಮೊದಲ ಪುಟ ಲಗತ್ತಿಸಿದ್ದೇನೆ. ("ಒಂದು ಕಾಡಿನಲ್ಲಿ ಸುಂದರವಾದ ಮೊಲವೊಂದು ವಾಸವಾಗಿತ್ತು...") ಎಲ್ಲಿ ತಪ್ಪಿದೆ? (ಬೆಳಗಾವಿ)

ಉತ್ತರ: ತಂಗೀ, ಹಾಸಿಗೆ ಹಿಡಿದ ಮಕ್ಕಳಿಗೆ ಕಥೆಯ ಲೋಕ ಬಹಳ ಋಣಿ. ಸ್ವೀಡನ್ನಿನಲ್ಲಿ 1941ರಲ್ಲಿ ಕಾರಿನ್ ಎಂಬ ಏಳು ವರ್ಷದ ಹುಡುಗಿ ಕಾಯಿಲೆ ಬಿದ್ದು ಮಲಗಿದ್ದಳು. "ಪಿಪ್ಪಿ ಲಾಂಗ್‌ಸ್ಟ್ರುಂಪ್‌ಳ ಕಥೆ ಹೇಳು" ಎಂದು ಅಮ್ಮನಿಗೆ ಗಂಟುಬಿದ್ದಳು. ಅಂಥ ಹೆಸರಿನವಳು ಯಾರೂ ಇರಲಿಲ್ಲ, ಹೆಸರು ಆ ಕ್ಷಣಕ್ಕೆ ಹುಡುಗಿಯ ಬಾಯಿಂದ ಉದುರಿದ್ದು. ಹೆಸರೇ ಇಷ್ಟು ವಿಚಿತ್ರವಾದರೆ ಹುಡುಗಿಯೂ ವಿಚಿತ್ರ ಇರಬೇಕು ಎಂದುಕೊಂಡು ಅಮ್ಮ ಹೇಳುತ್ತ ಹೋದಳು. ಆ ಅಮ್ಮ ಆಸ್ಟ್ರಿಡ್ ಲಿಂಡ್‌ಗ್ರೆನ್. ಮೂರು ವರ್ಷ ಅದು ಬರೀ ಬಾಯಲ್ಲೇ ಇತ್ತು. 1944ರಲ್ಲಿ ಹಿಮದ ಮೇಲೆ ಜಾರಿ ಕಾಲು ಉಳುಕಿಸಿಕೊಂಡು ಮಲಗಿದಾಗ ಬರೆದಳು. ಮೊದಲು ಕಳಿಸಿದ ಪ್ರಕಾಶಕರು ಬೇಡವೆಂದರು. 1945ರಲ್ಲಿ ಬೇರೆಯವರು ಅಚ್ಚು ಹಾಕಿದರು.

ನೋಡಿ, ಮೂರು ವರ್ಷ ಮಗಳು ಅಡ್ಡ ಬಾಯಿ ಹಾಕಿ ಹಾಕಿ ಆ ಕಥೆಯನ್ನು ಹದ ಮಾಡಿದ್ದಾಳೆ. ನೀವು ನಿಮ್ಮ ಮಾತು ಬರೆದಿದ್ದೀರಿ, ಮಗಳ ಮಾತು ಬಿಟ್ಟಿದ್ದೀರಿ ಎಂದು ನನ್ನ ಗುಮಾನಿ. "ಸುಂದರವಾದ" ಎಂಬುದು ಅವಳ ಮಾತಲ್ಲ. "ವಾಸವಾಗಿತ್ತು" ಅಂತೂ ಅಲ್ಲವೇ ಅಲ್ಲ.

ನನಗೂ ಎಂಟು ವರ್ಷವಿದ್ದಾಗ ವಿಷಮಜ್ವರ ಬಂದಿತ್ತು. ಅಜ್ಜಿಯ ಕೌದಿ ಹೊದ್ದು ಮಲಗಿದವಳಿಗೆ ತುಂಡು ಎಣಿಸುವುದೊಂದೇ ಕೆಲಸ. ಇದು ಯಾರ ಪತ್ತಲ, ಇದು ಯಾರ ಕುಪ್ಪಸ ಎಂದು ಕೇಳುವುದು, ಅಜ್ಜಿ ಹೇಳುವುದು. ನಡುವೆ ಒಂದು ಖಾಕಿ ತುಂಡಿತ್ತು. ಅದು ಪೊಲೀಸಪ್ಪನದು ಎಂದು ಒಂದು ದಿನ ಪೊಲೀಸನ ಕಥೆ ಹೇಳಿದಳು. ಮರುದಿನ ಅದೇ ತುಂಡು ಅಂಚೆಯವನದಾಯಿತು. ಮೂರನೆಯ ದಿನ ಬಸ್ ಕಂಡಕ್ಟರನದು. "ಯಮ್ಮಾ, ನಿನ್ನಿ ಅಂಚಿಯಾಂವಂದು ಅಂದಿದ್ದೆಲ್ಲ?" ಎಂದು ಹಿಡಿದೆ. ಅಜ್ಜಿ ಕಣ್ಣು ಮಿಟುಕಿಸಲಿಲ್ಲ. "ಹೌದ, ಆ ನೌಕರಿ ಬಿಟ್ಟಾ" ಅಂದಳು. ದಿನಕ್ಕೊಂದು ನೌಕರಿ ಬಿಡುವ ಆ ಮನುಷ್ಯನ ಮೇಲೆ ನಾನು ಹನ್ನೊಂದು ಕಥೆ ಬರೆದೆ. ಅಜ್ಜಿ ಸುಳ್ಳು ಹೇಳಿದ್ದಕ್ಕೆ ಹುಟ್ಟಿದವಲ್ಲ ಅವು. ನಾನು ಹಿಡಿದದ್ದಕ್ಕೆ ಹುಟ್ಟಿದವು.

ಮಗಳಿಗೆ ಮತ್ತೆ ಜ್ವರ ಬರುವುದು ಬೇಡ. ಸುಮ್ಮನೆ ಒಂದು ರಾತ್ರಿ ಅದೇ ಕಥೆ ತಪ್ಪು ತಪ್ಪಾಗಿ ಹೇಳಿ, ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಅವಳು ಎಲ್ಲೆಲ್ಲಿ ನಿಮ್ಮನ್ನು ತಡೆಯುತ್ತಾಳೋ ಅಲ್ಲಿಂದ ಬರೆಯಿರಿ.

ಪ್ರಶ್ನೆ: ಬೇರೆ ದೇಶದ ಕಥೆಯಿಂದ ಸ್ಫೂರ್ತಿ ಪಡೆದರೆ ಕಳ್ಳತನವೇ? (ಮುಧೋಳ)

ಉತ್ತರ: ಹೆಸರು ಬದಲಿಸಿ ಉಳಿದದ್ದು ಹಾಗೇ ಇಟ್ಟರೆ ಕಳ್ಳತನ. ಜರ್ಮನಿಯ ಹ್ಯಾಮೆಲಿನ್ ಊರಿನಲ್ಲಿ 1284ರಲ್ಲಿ ಒಬ್ಬ ಕೊಳಲೂದುವವನ ಬೆನ್ನು ಹತ್ತಿ ಹೋದ ಮಕ್ಕಳೆಲ್ಲ ಕಾಣೆಯಾದರು ಎಂಬ ಐತಿಹ್ಯವಿದೆ. ಅದನ್ನು ಇಂಗ್ಲಿಷಿನಲ್ಲಿ ರಾಬರ್ಟ್ ಬ್ರೌನಿಂಗ್ ಪದ್ಯ ಮಾಡಿದ, 1842ರಲ್ಲಿ ಅಚ್ಚಾಯಿತು. ಬರೆದದ್ದು ಯಾರಿಗಾಗಿ ಗೊತ್ತೇ? ಹಾಸಿಗೆ ಹಿಡಿದಿದ್ದ ಗೆಳೆಯನ ಮಗನಿಗೆ, ಮಲಗಿದಲ್ಲೇ ಚಿತ್ರ ಬಿಡಿಸಲಿ ಎಂದು. (ಮತ್ತೆ ಕಾಯಿಲೆಯ ಕೂಸು!) ಕುವೆಂಪು ಅದೇ ಕಥೆಯನ್ನು ತುಂಗೆಯ ದಂಡೆಗೆ ತಂದಾಗ ಆ ಕೊಳಲಿನವನು ಬೊಮ್ಮನಹಳ್ಳಿಯ ಕಿಂದರಿಜೋಗಿಯಾದ. ನಮ್ಮ ಶಾಲೆಯ ಮಕ್ಕಳಿಗೆ ಬೊಮ್ಮನಹಳ್ಳಿ ಎಲ್ಲಿದೆ ಎಂದರೆ ತಾಳಿಕೋಟಿ ದಾರಿ ತೋರಿಸುತ್ತಿದ್ದರು. ಅಷ್ಟು ನಮ್ಮದಾಗಬೇಕು.

ಪ್ರಶ್ನೆ: ಮಕ್ಕಳ ಕಥೆಗೆ ನೀತಿ ಬೇಕೇ ಬೇಕಲ್ಲವೇ? ಇತ್ತೀಚಿನವರು ಬಿಡುತ್ತಿದ್ದಾರೆ. (ಬಸವನ ಬಾಗೇವಾಡಿ)

ಉತ್ತರ: ಕಾಗಕ್ಕ ಗುಬ್ಬಕ್ಕನ ಕಥೆ ನಿಮಗೆ ಗೊತ್ತಿದೆ. ಮಳೆಗೆ ಮನೆ ಕರಗಿ ಕಾಗಕ್ಕ ಬಾಗಿಲು ಬಡಿಯುತ್ತಾಳೆ, ಗುಬ್ಬಕ್ಕ "ತಡಿ, ಕೂಸಿಗೆ ಎಣ್ಣಿ ಹಚ್ಚಾಕತ್ತೀನಿ, ತಡಿ, ಎರಿಯಾಕತ್ತೀನಿ" ಎಂದು ಹೊರಗೇ ನಿಲ್ಲಿಸುತ್ತಾಳೆ. ಗಟ್ಟಿ ಮನೆ ಕಟ್ಟಿಕೊಳ್ಳಬೇಕು ಎಂದು ನಾನು ನೀತಿ ಹೇಳಿದೆ. ಹಿಂದಿನ ಸಾಲಿನಿಂದ ಒಬ್ಬ ಎದ್ದು, "ಮೊದಲ ಬಾಗಲಾ ತಗದು ಆಮ್ಯಾಲ ಎಣ್ಣಿ ಹಚ್ಚಬೇಕಿತ್ತಲ್ರೀ" ಅಂದ. ಅವರ ಮನೆ ಹಿಂದಿನ ಮಳೆಗಾಲದಲ್ಲಿ ಬಿದ್ದಿತ್ತು. ಅಂದಿನಿಂದ ನಾನು ನೀತಿಯ ತಂಟೆಗೆ ಹೋಗಿಲ್ಲ.

ಪ್ರಶ್ನೆ: ಓಣಿಯ ಒಂದು ಹುಡುಗನನ್ನು ನೋಡಿಯೇ ಕಥೆ ಬರೆದೆ. ಅವರ ಮನೆಯವರಿಗೆ ತಿಳಿಸಬೇಕೆ? (ಮುದ್ದೇಬಿಹಾಳ)

ಉತ್ತರ: ತಿಳಿಸಿ. ಅದಕ್ಕೂ ಮೊದಲು ಹುಡುಗನಿಗೇ ಓದಿ ಹೇಳಿ.

ನನ್ನದೊಂದು ತಪ್ಪು ಹೇಳುತ್ತೇನೆ. ನನ್ನ ತರಗತಿಯಲ್ಲಿ ಒಬ್ಬ ಹುಡುಗ ಮಧ್ಯಾಹ್ನ ಡಬ್ಬಿಯ ಮುಚ್ಚಳ ಅಡ್ಡ ಹಿಡಿದು ಉಣ್ಣುತ್ತಿದ್ದ. ಉಳಿದವರದು ಚಪಾತಿ, ಅವನದು ಕಟಕ ರೊಟ್ಟಿ ಮತ್ತು ಪುಂಡಿಪಲ್ಲೆ. ನನಗದು ಬಹಳ ತಾಕಿತು. ಕಥೆ ಬರೆದೆ, ಅಚ್ಚಾಯಿತು. ಹೆಸರೇನೋ ಬದಲಿಸಿದ್ದೆ, ಆದರೆ ಮುಚ್ಚಳ ಬದಲಿಸಲಿಲ್ಲ. ಮೆಚ್ಚುಗೆಯ ಪತ್ರಗಳು ಬಂದವು. ನಾನೇ, ಬುದ್ಧಿಗೇಡಿ, ಸಂಭ್ರಮಕ್ಕೆ ಅದನ್ನು ತರಗತಿಯಲ್ಲಿ ಓದಿದೆ. ಓದಿ ಮುಗಿಸುವಷ್ಟರಲ್ಲಿ ಎಲ್ಲರ ಮುಖವೂ ಅವನ ಕಡೆ ತಿರುಗಿತ್ತು.

ಮರುದಿನದಿಂದ ಅವನು ಡಬ್ಬಿ ತರಲಿಲ್ಲ. ಉಣ್ಣಲು ಮನೆಗೆ ಹೋಗತೊಡಗಿದ. ಮನೆ ಒಂದೂವರೆ ಕಿಲೋಮೀಟರ್ ದೂರ.

ಈಗ ಅವನು ಟಂಟಂ ಓಡಿಸುತ್ತಾನೆ. ನನ್ನನ್ನು ಕಂಡರೆ ನಿಲ್ಲಿಸುತ್ತಾನೆ, ರೊಕ್ಕ ತೆಗೆದುಕೊಳ್ಳುವುದಿಲ್ಲ. ಆ ಕಥೆಯ ಮಾತು ಅವನೂ ತೆಗೆದಿಲ್ಲ, ನಾನೂ ತೆಗೆದಿಲ್ಲ. ನನ್ನ ಪುಸ್ತಕದಲ್ಲಿ ಆ ಕಥೆ ಸೇರಿಸಿಲ್ಲ.

ಪ್ರಶ್ನೆ: ಅಕ್ಕೋರ, ನಾ ಐದನೇತ್ತೆ. ನಿಮ್ಮ ಆನಿ ಕಥಿ ಓದೀನ್ರಿ. ದೀಪಾವಳಿ ಸೂಟ್ಯಾಗ ಅಪ್ಪ ವಿಜಯಪುರಕ್ಕ ಕರಕೊಂಡು ಹೋಗಿದ್ರು. ಆನಿ ಇನ್ನೂ ಅಲ್ಲೇ ಸಿಂಹದ ಬಾಯಾಗ ಐತ್ರಿ. ಹೊರಗ ಬಂತಂತ ಸುಳ್ಳ ಯಾಕ ಬರದ್ರಿ? (ಬಾಗಲಕೋಟೆ)

ಉತ್ತರ: ಅವ್ವೀ, ನಿನ್ನ ಪ್ರಶ್ನೆ ಎಡಪುಟಕ್ಕೆ ಬರೆದುಕೊಂಡಿದ್ದೇನೆ. ಆನೆ ತಿರುಗಿ ಯಾಕೆ ಒಳಗೆ ಹೋಯಿತು ಎಂದು ನನಗೂ ಈಗ ಚಿಂತೆ ಹತ್ತಿದೆ. ಹೊರಗೆ ಏನಾದರೂ ಕಂಡು ಅಂಜಿತೋ? ಸಿಂಹಕ್ಕೇ ಒಬ್ಬಂಟಿ ಅನ್ನಿಸಿ ಕರೆಯಿತೋ? ನೀನು ಹೋದದ್ದು ಹಗಲೋ, ಹೊತ್ತು ಮುಳುಗಿದ ಮೇಲೋ? ಆನೆಯ ಕಾಲಿಗೆ ಮಣ್ಣು ಹತ್ತಿತ್ತೇ? ನೆನಪಿದ್ದರೆ ಬೇಗ ಬರೆ.