ರೋಡ್ ಫೋಟೋ ಕಳಿಸಿದ್ದು ಸಾಕು, ಮೊದ್ಲು ಕೋರ್ ತೆಗೆಸಿ

ಪ್ರಶ್ನೆ: ನಮ್ಮ ಬೀದೀಲಿ ಸಿಸಿ ರೋಡ್ ಹಾಕಿ ಎರಡು ತಿಂಗಳಾಯ್ತು. ಫೋಟೋ ತೆಗ್ದು ಎಐ ಆಪ್‌ಗೆ ಹಾಕಿದ್ರೆ 'ಗುಣಮಟ್ಟ ಚೆನ್ನಾಗಿದೆ' ಅಂತು. ಆದ್ರೆ ಕಾಲಲ್ಲಿ ಉಜ್ಜಿದ್ರೆ ಪುಡಿ ಏಳತ್ತೆ. ಯಾವುದನ್ನ ನಂಬೋದು ಸರ್?

ಉತ್ತರ: ನಿಮ್ಮ ಕಾಲನ್ನ ನಂಬಿ. ಇದೇ ಪ್ರಶ್ನೆ ಊರು ಬದಲಾಯಿಸ್ಕೊಂಡು ಬರ್ತಾನೇ ಇದೆ, ನಂಗೂ ಸಾಕಾಗಿದೆ. ಫೋಟೋದಲ್ಲಿ ಬರೋದು ಮೇಲಿನ ಚರ್ಮ ಅಷ್ಟೇ ಕಣ್ರೀ. ದಪ್ಪ ಎಷ್ಟು, ಕೆಳಗಿನ ಮಣ್ಣು ಸರಿಯಾಗಿ ದಮ್ಮಸ್ ಮಾಡಿದಾರಾ, ಕಲಸೋವಾಗ ನೀರು ಜಾಸ್ತಿ ಸುರಿದ್ರಾ, ಎಷ್ಟು ದಿನ ಕ್ಯೂರಿಂಗ್ ಆಯ್ತು, ಇದ್ಯಾವುದೂ ಕ್ಯಾಮೆರಾಗೆ ಕಾಣಲ್ಲ, ಕಾಣದ್ದನ್ನ ಎಐ ಎಲ್ಲಿಂದ ತಂದು ಹೇಳತ್ತೆ? ಒಣ ಸಿಮೆಂಟ್ ಉದುರಿಸಿ ನುಣ್ಣಗೆ ತೇಯ್ದ ಕಳಪೆ ರೋಡ್ ಫೋಟೋದಲ್ಲಿ ಮದುಮಗಳ ಥರ ಕಾಣತ್ತೆ. ಹಾಕಿದ ದಿನ ಬಿಸಿಲು ಗಾಳಿಗೆ ಮೇಲೆ ಕೂದಲೆಳೆ ಬಿರುಕು ಬಿಟ್ಟ ಗಟ್ಟಿ ರೋಡನ್ನ ನೋಡಿ ಅದೇ ಆಪ್ ಹೆದರ್ಕೊಳ್ಳತ್ತೆ. ಮರದ ನೆರಳನ್ನೂ ಬಿರುಕು ಅಂದಿದ್ದನ್ನ ನಾನೇ ನೋಡಿದೀನಿ.

ಹಾಗಂತ ಪುಡಿ ಎದ್ದ ಮಾತ್ರಕ್ಕೆ ಒಳಗೂ ಕೆಟ್ಟಿದೆ ಅಂತಲ್ಲ, ಮೇಲ್ಪದರ ಮಾತ್ರ ಹೋಗಿರಬಹುದು. ಅದಕ್ಕೇ ಕೋರ್ ತೆಗೆಸಿ ಅನ್ನೋದು, ಅಂದ್ರೆ ರೋಡನ್ನ ಕೊರೆದು ಉರುಳೆ ಆಕಾರದ ಕಾಂಕ್ರೀಟ್ ತುಂಡು ತೆಗೆದು ಲ್ಯಾಬಲ್ಲಿ ಒಡೆಸಿ ನೋಡೋದು. ಎಸ್ಟಿಮೇಟಲ್ಲಿ ಎಂ 30 (ಚದರ ಮಿಲಿಮೀಟರ್‌ಗೆ 30 ನ್ಯೂಟನ್ ಒತ್ತಡ ತಾಳಬೇಕಾದ ಕಾಂಕ್ರೀಟ್) ಅಂತಿದ್ರೆ, ಕಾಂಕ್ರೀಟಿನ ಭಾರತೀಯ ಮಾನದಂಡ ಐಎಸ್ 456 ಪ್ರಕಾರ ಕೋರ್‌ಗಳ ಸರಾಸರಿ ಅದರ 85% ಬರಬೇಕು, ಅಂದ್ರೆ 25.5, ಯಾವ ಒಂದು ಕೋರೂ 75% ಅಂದ್ರೆ 22.5ಕ್ಕಿಂತ ಕೆಳಗೆ ಹೋಗಬಾರದು. ದಪ್ಪ ಎಷ್ಟು ಅಂತ ಅಲ್ಲೇ ಟೇಪ್ ಹಿಡಿದು ನೋಡ್ಬಹುದು. ರೋಡ್ ಮಾಡಿಸಿದ ಸರ್ಕಾರಿ ಕಚೇರಿಯೋರು ಕೋರ್ ತೆಗೆಯೋಕೆ ಬಿಡಲ್ಲ, ಕಾಗದ ಕೊಡಲ್ಲ ಅಂದ್ರೆ 2005ರ ಮಾಹಿತಿ ಹಕ್ಕು ಕಾಯ್ದೆ ಇದೆ, ಕಾಗದ ಕೇಳೋಕೆ ಮಾತ್ರ ಅಲ್ಲ, ಕಲಂ 2(ಜೆ) ಪ್ರಕಾರ ಕೆಲಸ ಪರಿಶೀಲಿಸೋಕೆ, ಸಾಮಗ್ರಿಯ ದೃಢೀಕೃತ ಸ್ಯಾಂಪಲ್ ತಗೊಳ್ಳೋಕೂ ಹಕ್ಕಿದೆ. ಇದನ್ನ ಬಿಟ್ಟು ಮೂರು ಫೋಟೋ ನೋಡಿ 'ಎಐ ಗುಣಮಟ್ಟ ಸರ್ಟಿಫಿಕೇಟ್' ಕೊಡ್ತೀವಿ ಅಂತ ದುಡ್ಡು ಕೇಳೋರಿದಾರಲ್ಲ, ಅವ್ರು ಗಿಳಿಶಾಸ್ತ್ರದೋರು, ಗಿಳಿ ಬದಲು ಫೋನ್ ಇಟ್ಕೊಂಡಿದಾರೆ.

ಎಐ ಪೂರ್ತಿ ಬೇಡ ಅಂತ ನಾನು ಹೇಳ್ತಿಲ್ಲ. ಅಮೆರಿಕದ ಮೆಂಫಿಸ್‌ನಲ್ಲಿ ಮಿಸಿಸಿಪಿ ನದಿ ಮೇಲಿನ ಹೆರ್ನಾಂಡೋ ಡಿ ಸೋಟೋ ಸೇತುವೆಯ ಉಕ್ಕಿನ ತೊಲೆ ಸೀಳಿರೋದು 2021ರ ಮೇನಲ್ಲಿ ಗೊತ್ತಾಗಿ ಗಾಡಿ ನಿಲ್ಲಿಸಿದ್ರು. ಆಮೇಲೆ ಹುಡುಕಿದ್ರೆ 2019ರ ಡ್ರೋನ್ ವಿಡಿಯೋದಲ್ಲೇ ಆ ಬಿರುಕು ಕೂತಿತ್ತು! ಅಂಥ ಗಂಟೆಗಟ್ಟಲೆ ವಿಡಿಯೋನ ಆಕಳಿಸದೇ ನೋಡಿ 'ಇಲ್ಲಿ ಹತ್ತಿರ ಹೋಗಿ ನೋಡಿ' ಅನ್ನೋಕೆ ಎಐ ಲಾಯಕ್ಕು. ಹತ್ತಿರ ಹೋಗಬೇಕಾದೋರು ಮಾತ್ರ ಮನುಷ್ಯರೇ.

ಪ್ರಶ್ನೆ: ಡ್ರೋನ್ ಹಾರಿಸಿದ್ರೆ ಕಾಂಕ್ರೀಟ್ ಒಳಗಿನ ಕಬ್ಬಿಣ ತುಕ್ಕು ಹಿಡಿದಿದ್ಯಾ ಅಂತ ಗೊತ್ತಾಗುತ್ತಾ?

ಉತ್ತರ: ಇಲ್ಲ. 2018ರಲ್ಲಿ ಬಿದ್ದು 43 ಜನರನ್ನ ಕೊಂದ ಇಟಲಿಯ ಮೊರಾಂಡಿ ಸೇತುವೆಲೂ ತುಕ್ಕು ಕಾಂಕ್ರೀಟ್ ಒಳಗಿತ್ತು.

ಪ್ರಶ್ನೆ: ಎಐ ಬಂದ್ಮೇಲೆ ಸೈಟ್ ಇಂಜಿನಿಯರ್ ಬೇಕಾ?

ಉತ್ತರ: ಎಂಬಿ ಪುಸ್ತಕಕ್ಕೆ (ಆದ ಕೆಲಸದ ಅಳತೆ ಬರೆಯೋ ಮೆಷರ್‌ಮೆಂಟ್ ಬುಕ್) ಸಹಿ ಹಾಕಿ ನಾಳೆ ಕೋರ್ಟಲ್ಲಿ ನಿಲ್ಲೋದು ಯಾರು?

ಪ್ರಶ್ನೆ: ಕ್ಯೂಬ್ ಟೆಸ್ಟ್ (ಕಾಂಕ್ರೀಟನ್ನ ಚೌಕದ ಅಚ್ಚಲ್ಲಿ ಹಾಕಿ, ಗಟ್ಟಿಯಾದ್ಮೇಲೆ ಮೆಷಿನ್ನಲ್ಲಿ ಒಡೆದು ನೋಡೋದು) ರಿಪೋರ್ಟ್‌ಗಳನ್ನ ಎಐಗೆ ಕೊಟ್ಟು ಕೇಳಬಹುದಾ?

ಉತ್ತರ: ಅಬ್ಬಾ, ಒಂದಾದ್ರೂ ಕೆಲಸಕ್ಕೆ ಬರೋ ಪ್ರಶ್ನೆ. ಕೊಡಿ, ಒಂದು ವರ್ಷದ್ದು ಒಟ್ಟಿಗೆ ಕೊಡಿ. ನಿಜವಾಗಿ ಒಡೆದ ಕ್ಯೂಬ್‌ಗಳ ಅಂಕಿ ಏರಿಳಿತ ಇರತ್ತೆ. ಮಳೆಗಾಲ ಬೇಸಿಗೆ ಎರಡರಲ್ಲೂ ಹೆಚ್ಚೂ ಇಲ್ಲ ಕಮ್ಮೀನೂ ಇಲ್ಲ ಅನ್ನೋ ಹಾಗೆ ಒಂದೇ ಅಂಕಿ ಬರ್ತಿದ್ರೆ ಅವು ಮೆಷಿನ್ನಲ್ಲಿ ಅಲ್ಲ, ಮೇಜಿನ ಮೇಲೆ ಒಡೆದ ಕ್ಯೂಬ್‌ಗಳು.