ಹಿಮನದಿ ಇರುವ ಶಿಖರಕ್ಕೆ ಎಷ್ಟು ದಿನ ಬೇಕು?

ಪ್ರಶ್ನೆ: ಮನಾಲಿ ಹತ್ತಿರದ ಫ್ರೆಂಡ್‌ಶಿಪ್ ಪೀಕ್ (5,289 ಮೀಟರ್) ಹತ್ತಲು ನಾವು ಮೂವರು ಗೆಳೆಯರು ಹೊರಟಿದ್ದೇವೆ. ರಾಣಿಪುರಂ, ಪೊಸಡಿಗುಂಪೆ ಗುಡ್ಡಗಳನ್ನು ಬಿಟ್ಟರೆ ಬೇರೆ ಅನುಭವವಿಲ್ಲ. ಒಬ್ಬ ಗೈಡ್ ಏಳು ದಿನ ಸಾಕು ಎನ್ನುತ್ತಾರೆ, ಇನ್ನೊಬ್ಬರು ಒಂಬತ್ತು ದಿನಕ್ಕೆ ಹೆಚ್ಚು ಹಣ ಕೇಳುತ್ತಾರೆ. ಯಾರನ್ನು ಆರಿಸಲಿ?
– ಓದುಗರು, ಬದಿಯಡ್ಕ

ಉತ್ತರ: ಒಂಬತ್ತು ದಿನದವರನ್ನು. ಬೇರೆಲ್ಲಾದರೂ ಉಳಿಸಿ, ಇಲ್ಲಿ ಬೇಡ. ನೀವು ಕಡಲ ಬದಿಯವರು, ಮನಾಲಿಯೇ ಸುಮಾರು 2,050 ಮೀಟರ್. 5,500ರ ಹತ್ತಿರ ಗಾಳಿಯ ಒತ್ತಡ ನಮ್ಮೂರಿನ ಅರ್ಧಕ್ಕೆ ಇಳಿಯುತ್ತದೆ. 3,000 ಮೀಟರ್ ದಾಟಿದ ಮೇಲೆ ರಾತ್ರಿ ಮಲಗುವ ಜಾಗ ದಿನಕ್ಕೆ 500 ಮೀಟರಿಗಿಂತ ಮೇಲೇರಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಅದೇ ಎತ್ತರದಲ್ಲಿ ಇನ್ನೊಂದು ರಾತ್ರಿ ಕಳೆಯಬೇಕು. ಇಬ್ಬರ ವೇಳಾಪಟ್ಟಿಯನ್ನೂ ಈ ಲೆಕ್ಕಕ್ಕೆ ಹಿಡಿದು ನೋಡಿ. ಹವೆ ಕೆಟ್ಟರೆ ಕಾಯಲು ಒಂದು ದಿನವಾದರೂ ಉಳಿದಿರಬೇಕು.

ತಲೆನೋವು, ವಾಂತಿ ಇದ್ದರೆ ಮುಂದೆ ಹತ್ತಬೇಡಿ. ನಡಿಗೆ ತೂರಾಡಿದರೆ, ಸುಮ್ಮನೆ ಕೂತಾಗಲೂ ಏದುಸಿರು ಬಂದರೆ ರಾತ್ರಿಯಾದರೂ ಸರಿ, ಆಗಲೇ ಇಳಿಯಬೇಕು. ಎತ್ತರದ ಕಾಯಿಲೆ ತಡೆಯುವ ಅಸಿಟಾಝೋಲಮೈಡ್ ಮಾತ್ರೆಯನ್ನು ವೈದ್ಯರನ್ನು ಕೇಳದೆ ನುಂಗಬೇಡಿ. ಸಲ್ಫಾ ಔಷಧಿ ಒಗ್ಗದವರು ಅದನ್ನು ಮೊದಲೇ ಹೇಳಬೇಕು.

ಗೈಡನ್ನು ಇನ್ನೊಂದು ಮಾತು ಕೇಳಿ: ಒಂದು ಹಗ್ಗಕ್ಕೆ ಕಟ್ಟಿಕೊಂಡು ನಡೆಯುವವರು ಎಷ್ಟು ಜನ? ಗೈಡ್ ಹಿಂದೆ ನೀವು ಮೂವರು, ಅದಕ್ಕಿಂತ ಹೆಚ್ಚು ಬೇಡ. ಹಿಮನದಿಯ ಬಿರುಕುಗಳ ಮೇಲೆ ಹೊಸ ಹಿಮ ಹಾಸಿಕೊಂಡಿರುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಇಬ್ಬರ ನಡುವೆ 10–12 ಮೀಟರ್ ಹಗ್ಗ ಬಿಟ್ಟು ನಡೆಯಬೇಕು. ನಡುಭಾಗ ಹಿಮಕ್ಕೆ ತಾಗಿಯೂ ತಾಗದಂತಿರಲಿ. ಹೊಸಬರು ಸಡಿಲ ಹಗ್ಗವನ್ನು ಸುತ್ತಿ ಕೈಯಲ್ಲಿ ಹಿಡಿದು ನಡೆಯುತ್ತಾರೆ. ಮುಂದಿನವರು ಬಿದ್ದರೆ ಆ ಸುರುಳಿ ಬಿಚ್ಚುವಷ್ಟು ದೂರ ವೇಗವಾಗಿ ಬಿದ್ದು, ಆಮೇಲೆ ಬರುವ ಜಗ್ಗಿಗೆ ಹಿಂದಿನವರ ಕಾಲೂ ಕೀಳುತ್ತದೆ.

ಶಿಖರದ ದಿನ ನಡುರಾತ್ರಿ ಒಂದು ಎರಡರ ಹೊತ್ತಿಗೆ ಹೊರಡುವುದು ಗಟ್ಟಿ ಹಿಮ ಸಿಗಲೆಂದು. ಬಿಸಿಲೇರಿದರೆ ಬಿರುಕಿನ ಮೇಲಿನ ಹಿಮ ಮೆತ್ತಗಾಗುತ್ತದೆ. ಹಿಂದಿರುಗುವ ಗಂಟೆಯನ್ನು ಹೊರಡುವ ಮೊದಲೇ ನಿಗದಿ ಮಾಡಿ.

ಪ್ರಶ್ನೆ: ಬೂಟು, ಕ್ರ್ಯಾಂಪಾನ್ (ಹಿಮದಲ್ಲಿ ಜಾರದಂತೆ ಬೂಟಿನಡಿ ಕಟ್ಟುವ ಲೋಹದ ಮುಳ್ಳುಗಳು) ಬಾಡಿಗೆಗೆ ತೆಗೆದುಕೊಂಡರೆ ನಡೆಯುತ್ತದೆಯೇ?
– ಓದುಗರು, ಕುಂಬಳೆ

ಉತ್ತರ: ನಡೆಯುತ್ತದೆ, ಆದರೆ ಎರಡನ್ನೂ ಒಟ್ಟಿಗೇ ಅಂಗಡಿಯಲ್ಲಿ ಜೋಡಿಸಿ ನೋಡಿ. ಕ್ರ್ಯಾಂಪಾನನ್ನು ಬೂಟಿನ ಅಳತೆಗೆ ಹೊಂದಿಸಿ, ಪಟ್ಟಿ ಬಿಗಿಯದೆ ಬೂಟು ಎತ್ತಿ. ಕ್ರ್ಯಾಂಪಾನ್ ಕಚ್ಚಿಕೊಂಡೇ ಇದ್ದರೆ ಸರಿ, ಕಳಚಿದರೆ ಇಳಿಜಾರಿನಲ್ಲೂ ಕಳಚುತ್ತದೆ. ಅಡಿಯಲ್ಲಿ ಹಿಮ ಅಂಟದಿರಲು ರಬ್ಬರ್ ಹಲಗೆ ಇರಬೇಕು. ಇಲ್ಲದಿದ್ದರೆ ಮಧ್ಯಾಹ್ನದ ಒದ್ದೆ ಹಿಮ ಉಂಡೆಗಟ್ಟಿ ಮುಳ್ಳುಗಳು ನೆಲಕ್ಕೆ ತಾಗುವುದೇ ಇಲ್ಲ. ದಪ್ಪ ಕಾಲುಚೀಲ ಹಾಕಿ, ಇಳಿಯುವಾಗ ಬೆರಳು ಬೂಟಿನ ತುದಿಗೆ ಗುದ್ದದಂತೆ ನೋಡಿಕೊಳ್ಳಿ.

ಪ್ರಶ್ನೆ: ಮಳೆಗಾಲದಲ್ಲಿ ಅಭ್ಯಾಸ ಹೇಗೆ?
– ಓದುಗರು, ಮಂಜೇಶ್ವರ

ಉತ್ತರ: ಮೆಟ್ಟಿಲು ಸಾಕು. ಬೆನ್ನಚೀಲದಲ್ಲಿ 10 ಲೀಟರ್ ನೀರು ಹೊತ್ತು ಒಂದು ಗಂಟೆ ಹತ್ತಿ, ಮೇಲೆ ನೀರು ಚೆಲ್ಲಿ ಖಾಲಿ ಚೀಲದೊಂದಿಗೆ ಇಳಿಯಿರಿ, ಮಂಡಿ ಉಳಿಯುತ್ತದೆ. ವಾರಕ್ಕೆ ಮೂರು ಸಲ, ಮೂರು ತಿಂಗಳು.