ಮಾಸ್ತರೇ, ನಿಂತು ಬಂದ ಸಿಟ್ಟು ಯಾರ ಮೇಲೆ?

ಕುಮಟಾದ ನಿವೃತ್ತ ಮಾಸ್ತರರೊಬ್ಬರ ಪತ್ರ ಬಂದಿದೆ. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕುವುದಿಲ್ಲ. ಎರಡು ಫುಲ್‌ಸ್ಕೇಪ್ ಹಾಳೆ, ಎಲ್ಲೂ ಒಂದು ಕಾಟು ಇಲ್ಲ. ಅಷ್ಟೂ ಹಾಕಲು ಜಾಗ ಸಾಲದು. ಮುಖ್ಯ ಭಾಗ ಇದು:

"ಈಚೆಗೆ ನಿಮ್ಮ ಪತ್ರಿಕೆಯಲ್ಲಿ ಮಹಿಳಾ ಚಳವಳಿಯ ಗುಣಗಾನ ಜಾಸ್ತಿಯಾಗಿದೆ. ಜನರಿಗೆ ಹಕ್ಕು ತಂದುಕೊಟ್ಟವರು ಗಾಂಧಿ, ಅಂಬೇಡ್ಕರ್. ಅಮೆರಿಕದಲ್ಲಿ ಮಾರ್ಟಿನ್ ಲೂಥರ್ ಕಿಂಗ್. ಅವರು ಉತ್ತು ಬಿತ್ತಿದ ಗದ್ದೆಗೆ ಈ ಸ್ತ್ರೀವಾದಿಗಳು ಕೊಯ್ಲಿನ ಹೊತ್ತಿಗೆ ಕತ್ತಿ ಹಿಡಿದು ಬಂದರು. ಹೆಂಗಸರಿಗೆ ಅನುಕೂಲ ಆಗಿರಬಹುದು, ಉಳಿದವರಿಗೆ ಆಗಿದ್ದೇನು? ಮೊನ್ನೆ ಕುಮಟಾದಿಂದ ಶಿರಸಿವರೆಗೆ ಬಸ್ಸಿನಲ್ಲಿ ನಿಂತೇ ಬಂದೆ. ಪುಕ್ಕಟೆ ಟಿಕೆಟ್ಟಿನವರು ಕೂತಿದ್ದರು, ದುಡ್ಡು ಕೊಟ್ಟ ನಾನು ನಿಂತಿದ್ದೆ. ಇದೇನಾ ಸಮಾನತೆ? ನಮ್ಮ ಮನೆಯವರೂ ಮೂವತ್ತು ವರ್ಷ ಶಾಲೆಯಲ್ಲಿ ಅಕ್ಕೋರಾಗಿ ಪಾಠ ಮಾಡಿ ದುಡಿದವರು. ಅವರಿಗೆ ಯಾವ ಚಳವಳಿಯೂ ಬೇಕಾಗಲಿಲ್ಲ."

ಮಾಸ್ತರೇ, ನಮಸ್ಕಾರ. ನೀವು ನಮ್ಮ ಹಳೇ ಚಂದಾದಾರರು. ನನ್ನ ವ್ಯಾಕರಣದ ತಪ್ಪುಗಳನ್ನು ಕೆಂಪು ಶಾಯಿಯಲ್ಲಿ ತಿದ್ದಿ ಅಂಚೆಗೆ ಹಾಕಿದವರು. ಆ ಸಲಿಗೆಯಿಂದ ಇವತ್ತು ಸ್ವಲ್ಪ ಜಗಳ ಆಡುತ್ತೇನೆ.

ಬಸ್ಸಿನ ವಿಷಯ ಮೊದಲು. ನಿಮ್ಮ ಕಾಲುನೋವು ಸುಳ್ಳಲ್ಲ. ದೇವಿಮನೆ ಘಟ್ಟದ ತಿರುವುಗಳಲ್ಲಿ ಕಂಬಿ ಹಿಡಿದು ಜೋಲಾಡುವುದು ಎಪ್ಪತ್ತು ದಾಟಿದವರಿಗೆ ಶಿಕ್ಷೆಯೇ. ಯಾರಾದರೂ ಎದ್ದು ಜಾಗ ಕೊಡಬೇಕಿತ್ತು. ಆದರೆ ಶಕ್ತಿ ಯೋಜನೆ ಶುರುವಾಗಿದ್ದು 2023ರ ಜೂನ್ 11ಕ್ಕೆ. ಅದಕ್ಕೂ ಮೊದಲು ನೀವು ಆ ರೂಟಿನಲ್ಲಿ ಆರಾಮಾಗಿ ಕೂತು ಬರುತ್ತಿದ್ದಿರಾ? ನಾನಂತೂ ಕಾಲೇಜು ದಿನಗಳಿಂದ ಫುಟ್‌ಬೋರ್ಡಿನ ಗಿರಾಕಿ. ಬಸ್ಸು ಕಡಿಮೆ, ಜನ ಜಾಸ್ತಿ, ಇದು ಹಳೇ ರೋಗ. ಇನ್ನೆರಡು ಬಸ್ಸು ಬಿಡಿ ಅಂತ ಡಿಪೋದವರಿಗೆ ಬರೆಯಬೇಕಾದ ಪತ್ರವನ್ನು ನನಗೆ ಬರೆದಿದ್ದೀರಿ, ಅದೂ ಸೀಟಿನಲ್ಲಿ ಕೂತ ಹೆಂಗಸಿನ ಮೇಲೆ ದೂರು ಹೇಳಿ. ಆಕೆ ನಸುಕಿನಲ್ಲಿ ಎದ್ದು, ಮನೆ ಮಂದಿಗೆಲ್ಲ ಬೇಯಿಸಿಟ್ಟು, ಅಡಿಕೆ ಸುಲಿಯಲು ಹೊರಟವಳಿರಬಹುದು. ಅಲ್ಲಿ ಕೂಲಿಯಲ್ಲಿ ಗಂಡಾಳಿಗಿಂತ ಎಷ್ಟು ಕಡಿಮೆ ಸಿಗುತ್ತದೆ ಅಂತ ನಿಮಗೂ ಗೊತ್ತು, ನನಗೂ ಗೊತ್ತು. ಸಮಾನ ಕೂಲಿಯ ಕಾನೂನು 1976ರಲ್ಲೇ ಬಂತು. ನಮ್ಮ ತೋಟಗಳಿಗೆ ಇನ್ನೂ ಬಂದಿಲ್ಲ.

ಇನ್ನು ಗದ್ದೆಯ ಉಪಮೆ. ಅಲ್ಲ ಮಾಸ್ತರೇ, ನಮ್ಮ ಕಡೆ ನಾಟಿ ಮಾಡುವವರು ಯಾರು? ಆಷಾಢದ ಮಳೆಯಲ್ಲಿ ಕೊಪ್ಪೆ ಹಾಕಿಕೊಂಡು ದಿನವಿಡೀ ಬೆನ್ನು ಬಗ್ಗಿಸಿ ಸಸಿ ಊರುವವರು ಯಾರು? ಉಪಮೆ ಕೊಡುವಾಗ ಸ್ವಲ್ಪ ಗದ್ದೆ ಕಡೆ ನೋಡಬೇಕಿತ್ತು.

ನೋಡಲು ದೂರ ಹೋಗಬೇಕಾಗಿಲ್ಲ. ಜೋಗದ ದಾರಿಯಲ್ಲಿ ಮಾವಿನಗುಂಡಿ ಇದೆಯಲ್ಲ, ಅಲ್ಲೊಂದು ಸ್ಮಾರಕ ಇದೆ. ಬ್ರಿಟಿಷ್ ಸರಕಾರಕ್ಕೆ ಕಂದಾಯ ಕೊಡುವುದಿಲ್ಲ ಅಂದ ಕರನಿರಾಕರಣೆಯ ಕಾಲದಲ್ಲಿ, ಅಂದರೆ 1930ರ ದಶಕದ ಮೊದಲ ವರ್ಷಗಳಲ್ಲಿ, ಸರಕಾರ ಜಪ್ತಿ ಮಾಡಿದ ಆಸ್ತಿಯನ್ನು ಅಗ್ಗಕ್ಕೆ ಕೊಂಡವರ ಮನೆ ಮುಂದೆ ಸಿದ್ದಾಪುರ ಸೀಮೆಯ ಹೆಂಗಸರು ಉಪವಾಸ ಕೂತರು. ಗಂಡಸರು ಜೈಲಿನಲ್ಲಿದ್ದರು. ಅಡುಗೆಮನೆ ದಾಟಿ ಜಗಲಿಗೆ ಬಂದರೆ ಮಾತು ಕೇಳಬೇಕಿದ್ದ ಕಾಲ ಅದು. ಅದೇ ಸಿದ್ದಾಪುರದ ದೊಡ್ಮನೆಯ ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿಯಾಗಿದ್ದಾಗ 1983ರ ಪಂಚಾಯತಿ ಕಾನೂನಿನಲ್ಲಿ ಹೆಂಗಸರಿಗೆ ಕಾಲು ಭಾಗ ಸ್ಥಾನ ಇಟ್ಟರು. 1987ರಲ್ಲಿ ಚುನಾವಣೆಯೂ ಆಯಿತು. ದೇಶಕ್ಕೆಲ್ಲ ಮೂರನೇ ಒಂದು ಭಾಗ ಬಂದಿದ್ದು 1993ರಲ್ಲಿ. ಅಧ್ಯಕ್ಷೆಯ ಗಂಡನೇ ಅಧ್ಯಕ್ಷ ಅಂತ ನೀವು ನಗಬಹುದು. ನಗಿ. ಆ ಗಂಡನನ್ನು ಮನೆಗೆ ಕಳಿಸಿ ತಾನೇ ಸಭೆ ನಡೆಸಿದವರನ್ನೂ ನಾನು ನೋಡಿದ್ದೇನೆ. ಅಂಕೋಲೆಯ ಬಡಿಗೇರಿಯ ಜನಪದ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡ ಸಾರಾಯಿ ವಿರುದ್ಧ ಎದ್ದು ನಿಂತಾಗ ಸ್ತ್ರೀವಾದ ಅನ್ನುವ ಶಬ್ದವನ್ನು ಕೇಳಿದ್ದರೋ ಇಲ್ಲವೋ. ಆದರೆ 2007ರಲ್ಲಿ ರಾಜ್ಯದಲ್ಲಿ ಸಾರಾಯಿ ನಿಂತಾಗ ಉಳಿದದ್ದು ಗಂಡಸರ ಲಿವರ್ ಅಲ್ವಾ? (ಈಗ ಅದೇ ಜಾಗದಲ್ಲಿ ಬೇರೆ ಬಾಟಲಿ ಬಂದಿದೆ. ಅದರ ಬಗ್ಗೆ ಇನ್ನೊಮ್ಮೆ ಬರೆಯುತ್ತೇನೆ.)

ಈಗ ನಿಮ್ಮ ಕಿಂಗ್ ವಿಷಯ. ದೊಡ್ಡ ಮನುಷ್ಯ, ಅವರ ಹಿರಿಮೆ ನನ್ನಿಂದ ಕಮ್ಮಿಯಾಗುವುದಿಲ್ಲ. ಆದರೆ ಅವರನ್ನು ದೊಡ್ಡವರು ಮಾಡಿದ್ದೂ ಒಂದು ಬಸ್ಸಿನ ಜಗಳವೇ. ಅಲಬಾಮಾದ ಮಾಂಟ್ಗೊಮೆರಿಯಲ್ಲಿ ಜೋ ಆ್ಯನ್ ರಾಬಿನ್ಸನ್ ಅಂತ ಒಬ್ಬರು ಅಕ್ಕೋರಿದ್ದರು, ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡುತ್ತಿದ್ದರು. 1954ರ ಮೇ ತಿಂಗಳಲ್ಲೇ ಆಕೆ ಊರಿನ ಮೇಯರ್‌ಗೆ ಪತ್ರ ಬರೆದರು. ಕರಿಯರನ್ನು ಬಸ್ಸಿನಲ್ಲಿ ಹೀಗೇ ನಡೆಸಿಕೊಂಡರೆ ನಾವು ಬಸ್ಸು ಹತ್ತುವುದನ್ನೇ ಬಿಡಬೇಕಾಗುತ್ತದೆ ಅನ್ನುವುದು ಅದರ ಸಾರ. 1955ರ ಮಾರ್ಚ್‌ನಲ್ಲಿ ಕ್ಲಾಡೆಟ್ ಕಾಲ್ವಿನ್ ಅನ್ನುವ ಹದಿನೈದರ ಕರಿಯ ಹುಡುಗಿ ಬಸ್ಸಿನಲ್ಲಿ ಬಿಳಿಯರಿಗೆ ಸೀಟು ಬಿಡದೆ ಅರೆಸ್ಟ್ ಆದಳು. ಡಿಸೆಂಬರ್ 1ಕ್ಕೆ ರೋಸಾ ಪಾರ್ಕ್ಸ್. ಆ ರಾತ್ರಿ ರಾಬಿನ್ಸನ್ ಕಾಲೇಜಿನ ಯಂತ್ರದಲ್ಲಿ ಬೆಳಗಿನವರೆಗೆ ಬಸ್ಸು ಹತ್ತಬೇಡಿ ಅನ್ನುವ ಕರಪತ್ರ ತೆಗೆದರು. ನೀವು ಪ್ರಶ್ನೆಪತ್ರಿಕೆಗೆ ಸ್ಟೆನ್ಸಿಲ್ ಕೊರೆದು ಸೈಕ್ಲೋಸ್ಟೈಲ್ ಮಾಡಿದವರು, ಸಾವಿರಗಟ್ಟಲೆ ಹಾಳೆ ತೆಗೆದರೆ ಕೈ ಏನಾಗುತ್ತದೆ ಅಂತ ನಿಮಗೆ ಹೇಳಬೇಕಾಗಿಲ್ಲ. ಇಪ್ಪತ್ತಾರು ವರ್ಷದ ಹೊಸ ಪಾದ್ರಿ ಕಿಂಗ್ ಅವರನ್ನು ಮುಂದಾಳು ಮಾಡಿದ್ದು ಅದಾಗಿ ನಾಲ್ಕು ದಿನಕ್ಕೆ. ಜನ 381 ದಿನ ಬಸ್ಸು ಬಿಟ್ಟು ನಡೆದರು. ಬಸ್ಸಿನ ಭೇದವನ್ನು ಕೋರ್ಟಿನಲ್ಲಿ ಬೀಳಿಸಿದ ಕೇಸಿನಲ್ಲಿ ದೂರುದಾರರು ನಾಲ್ಕು ಜನ. ನಾಲ್ವರೂ ಹೆಂಗಸರು. ಕ್ಲಾಡೆಟ್ ಕೂಡ ಅದರಲ್ಲಿದ್ದಳು.

ರೋಸಾ ಪಾರ್ಕ್ಸ್ ಅಂದರೆ ಕಾಲು ಸೋತು ಕೂತ ಬಡ ದರ್ಜಿ ಹೆಂಗಸು ಅಂತ ಮಕ್ಕಳಿಗೆ ಪಾಠ ಮಾಡುತ್ತೇವೆ. ನೀವೂ ಮಾಡಿರುತ್ತೀರಿ. ರೀಸಿ ಟೇಲರ್ ಅನ್ನುವ ಕರಿಯ ಹೆಂಗಸಿನ ಮೇಲೆ ಬಿಳಿಯರ ಗುಂಪು ಅತ್ಯಾಚಾರ ಮಾಡಿದಾಗ ತನಿಖೆಗೆ ಹೋದವರು ಇದೇ ಪಾರ್ಕ್ಸ್, 1944ರಲ್ಲಿ! ಬಸ್ಸಿಗಿಂತ ಹನ್ನೊಂದು ವರ್ಷ ಮೊದಲು. ಹೆಂಗಸಿನ ಮಾನದ ಪ್ರಶ್ನೆ ಹಿಡಿದುಕೊಂಡೇ ಆಕೆ ನಾಗರಿಕ ಹಕ್ಕಿನ ಹೋರಾಟಕ್ಕೆ ಪಳಗಿದ್ದು. ಇಷ್ಟಾದರೂ 1963ರ ವಾಷಿಂಗ್ಟನ್ ಜಾಥಾದ ದೊಡ್ಡ ಭಾಷಣಗಳೆಲ್ಲ ಗಂಡಸರದ್ದೇ. ಮುಂದಿನ ತಲೆಮಾರಿನ ಹೆಂಗಸರು ಬೇರೆ ಚಳವಳಿ ಕಟ್ಟಿದ್ದು ಯಾಕೆ ಅಂತ ಕೇಳುತ್ತೀರಲ್ಲ!

ರಾಬಿನ್ಸನ್ ಪತ್ರ ಬರೆದರು ಅಂದೆ. ಪತ್ರ ತಿಂದು ಬದುಕುವ ಜಾತಿ ನಮ್ಮದು, ಹಾಗಾಗಿ ನಮ್ಮ ದೇಶದ ಎರಡು ಪತ್ರಗಳ ಕಥೆಯನ್ನೂ ಹೇಳಿಬಿಡುತ್ತೇನೆ. ಮಹಾರಾಷ್ಟ್ರದಲ್ಲಿ ಮಥುರಾ ಅನ್ನುವ ಬುಡಕಟ್ಟು ಹುಡುಗಿಯ ಮೇಲೆ 1972ರಲ್ಲಿ ಪೋಲೀಸ್ ಠಾಣೆಯೊಳಗೇ ಅತ್ಯಾಚಾರ ಆಯಿತು. 1978ರಲ್ಲಿ ಸುಪ್ರೀಂ ಕೋರ್ಟ್ ಆ ಪೋಲೀಸರನ್ನು ಬಿಟ್ಟುಬಿಟ್ಟಿತು. ಮರುವರ್ಷ ಉಪೇಂದ್ರ ಬಕ್ಷಿ, ಲೋತಿಕಾ ಸರ್ಕಾರ್ ಮತ್ತಿಬ್ಬರು ಕಾನೂನು ಪಂಡಿತರು ಮುಖ್ಯ ನ್ಯಾಯಮೂರ್ತಿಗೆ ಬಹಿರಂಗ ಪತ್ರ ಬರೆದರು. ಅದನ್ನು ಹಿಡಿದು ಊರೂರಲ್ಲಿ ಹೆಂಗಸರು ಬೀದಿಗಿಳಿದರು, 1983ರಲ್ಲಿ ಕಾನೂನೇ ಬದಲಾಯಿತು.

ಎರಡನೆಯದು ಪತ್ರಕರ್ತೆ ಶೀಲಾ ಬರ್ಸೆ ಬರೆದದ್ದು. ಬೊಂಬಾಯಿಯ ಲಾಕಪ್ಪುಗಳಲ್ಲಿ ಹೆಂಗಸರಿಗೆ ಹೊಡೆಯುತ್ತಾರೆ ಅಂತ ಆಕೆ ಸುಪ್ರೀಂ ಕೋರ್ಟಿಗೇ ಒಂದು ಕಾಗದ ಹಾಕಿದರು. ಕೋರ್ಟು ಅದನ್ನೇ ಅರ್ಜಿ ಅಂತ ತೆಗೆದುಕೊಂಡು 1983ರಲ್ಲಿ ತೀರ್ಪು ಕೊಟ್ಟಿತು. ವಾರಂಟ್ ಇಲ್ಲದೆ ಯಾರನ್ನೇ ಹಿಡಿದರೂ ಕಾರಣ ಹೇಳಬೇಕು, ನೆಂಟರೋ ಗೆಳೆಯರೋ ಯಾರಿಗೆ ತಿಳಿಸಬೇಕು ಅಂತ ಕೇಳಿ ತಿಳಿಸಬೇಕು, ಕಾನೂನು ನೆರವಿನವರಿಗೂ ಸುದ್ದಿ ಕೊಡಬೇಕು. ಯಾರನ್ನೇ ಹಿಡಿದರೂ, ಗಮನಿಸಿ. ನಾಳೆ ನಿಮ್ಮ ಮೊಮ್ಮಗನನ್ನು ಯಾವುದೋ ಗಲಾಟೆಯಲ್ಲಿ ಠಾಣೆಗೆ ಒಯ್ದರೆ ನಿಮ್ಮ ಫೋನು ರಿಂಗಾಗುವುದರ ಹಿಂದೆ ಆ ಕಾಗದವೂ ಇದೆ.

ನಿಮ್ಮ ಮಾತಿನಲ್ಲಿ ನಿಜವೇ ಇಲ್ಲ ಅನ್ನುವುದಿಲ್ಲ. ವರದಕ್ಷಿಣೆ ಕಿರುಕುಳದ ಕೇಸಿನಲ್ಲಿ ಮುದುಕ ಅತ್ತೆ ಮಾವಂದಿರನ್ನೂ ಎಳೆದ ಉದಾಹರಣೆ ಇದೆ. 2014ರಲ್ಲಿ ಸುಪ್ರೀಂ ಕೋರ್ಟೇ ಸುಮ್ನೆ ಅರೆಸ್ಟ್ ಮಾಡಬೇಡಿ ಅಂದಿತು. ಬೆಂಗಳೂರಿನ ಏಸಿ ಹಾಲಿನಲ್ಲಿ ಭಾಷಣ ಮಾಡುವವರಿಗೆ ಕಾರವಾರದ ಮೀನುಪೇಟೆಯ ಹೆಂಗಸಿನ ಕಷ್ಟ ಗೊತ್ತಿರುವುದಿಲ್ಲ ಅನ್ನುವುದೂ ನಿಜ. ಆಯಿತು, ಒಪ್ಪಿದೆ.

ಉಳಿದವರಿಗೆ ಆಗಿದ್ದೇನು ಅಂದಿರಿ. ಸ್ಟೀಫನ್ ವೈಸನ್‌ಫೆಲ್ಡ್ ಅನ್ನುವ ಅಮೆರಿಕದ ಗಂಡಸನ್ನು ಕೇಳಬೇಕು. ಅವರ ಹೆಂಡತಿ ಪೌಲಾ ಕೂಡ ಅಕ್ಕೋರೇ. ಮನೆ ನಡೆಯುತ್ತಿದ್ದದ್ದು ಹೆಚ್ಚಾಗಿ ಆಕೆಯ ಸಂಬಳದಲ್ಲಿ. 1972ರಲ್ಲಿ ಹೆರಿಗೆಯಲ್ಲಿ ಆಕೆ ತೀರಿಕೊಂಡರು, ಮಗು ಉಳಿಯಿತು. ಮಗುವನ್ನು ತಾನೇ ಸಾಕುತ್ತೇನೆ ಅಂತ ಸ್ಟೀಫನ್ ಮನೆಯಲ್ಲಿ ಕೂತರು. ಗಂಡ ಸತ್ತು ಮಗು ಸಾಕುವ ಹೆಂಗಸಿಗೆ ಸರಕಾರ ದುಡ್ಡು ಕೊಡುತ್ತಿತ್ತು. ಹೆಂಡತಿ ಸತ್ತು ಮಗು ಸಾಕುವ ಗಂಡಸಿಗೆ ಇಲ್ಲ. ಆಕೆಯ ಸಂಬಳದಿಂದ ಸಾಮಾಜಿಕ ಭದ್ರತೆಗೆ ಅಂತ ಹಿಡಿದ ದುಡ್ಡಿಗೆ ಬೆಲೆ ಇಲ್ಲ ಅಂದ ಹಾಗಾಯಿತಲ್ಲ. ಅವರ ಪರವಾಗಿ ವಾದ ಮಾಡಿ 1975ರಲ್ಲಿ ಗೆಲ್ಲಿಸಿದವರು ರುತ್ ಬೇಡರ್ ಗಿನ್ಸ್‌ಬರ್ಗ್, ಮಹಿಳಾ ಹಕ್ಕಿನ ವಕೀಲೆ, ಆಮೇಲೆ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾದವರು. ಒಂದು ಅಪಸ್ವರವೂ ಇಲ್ಲದ ತೀರ್ಪು. ಒಬ್ಬ ಅಪ್ಪನಿಗೆ ತನ್ನ ಕೂಸನ್ನು ಎತ್ತಿಕೊಂಡು ಕೂರುವ ಹಕ್ಕು ಸಿಕ್ಕಿದ್ದು ಹೀಗೆ.

ಹೆರಿಗೆ ಅಂದ ಕೂಡಲೇ ನನ್ನ ತಲೆ ಬೇರೆ ಕಡೆ ಓಡುತ್ತದೆ, ಕ್ಷಮಿಸಿ. ಅಮೆರಿಕ ಹಾಗಿರಲಿ, ನಮ್ಮ ಜಿಲ್ಲೆಯ ಬಸುರಿಗೆ ಸ್ವಲ್ಪ ಏರುಪೇರಾದರೆ ಎಲ್ಲಿಗೆ ಒಯ್ಯುತ್ತೇವೆ? ಮಣಿಪಾಲ, ಮಂಗಳೂರು, ಹುಬ್ಬಳ್ಳಿ. 2022ರ ಜುಲೈನಲ್ಲಿ ಹೊನ್ನಾವರದಿಂದ ಉಡುಪಿ ಕಡೆ ಹೊರಟ ಆಂಬುಲೆನ್ಸ್ ಶಿರೂರಿನ ಟೋಲ್‌ಗೇಟಿನಲ್ಲಿ ಮಗುಚಿ ನಾಲ್ಕು ಜೀವ ಹೋಯಿತು. ಆಗ ಇಡೀ ಜಿಲ್ಲೆ ಆಸ್ಪತ್ರೆ ಆಸ್ಪತ್ರೆ ಅಂತ ಕೂಗಿತು. ಅಣೆಕಟ್ಟಿಗೆ, ಕೈಗಾ ಅಣುಸ್ಥಾವರಕ್ಕೆ, ನೌಕಾನೆಲೆಗೆ ನೆಲ ಕೊಡಿ ಅಂದಾಗ ಕೊಟ್ಟ ಜಿಲ್ಲೆ ಇದು. ಆಂಬುಲೆನ್ಸಿನ ಸೈರನ್ ಕೇಳುತ್ತಾ ಘಟ್ಟ ಇಳಿಯುವ ಬಾಳಂತಿಯ ಹಕ್ಕು ನಾಗರಿಕ ಹಕ್ಕಿನ ಪಟ್ಟಿಯಲ್ಲಿ ಎಷ್ಟನೇ ನಂಬರು? ನೀವು ಇದರ ಬಗ್ಗೆ ಎರಡು ಹಾಳೆ ಬರೆಯಿರಿ ಮಾಸ್ತರೇ, ಒಂದಕ್ಷರ ಕಡಿಯದೆ ಹಾಕುತ್ತೇನೆ.

ಕೊನೆಗೆ ಅಕ್ಕೋರ ವಿಷಯ. ಅವರಿಗೆ ಯಾವ ಚಳವಳಿಯೂ ಬೇಕಾಗಲಿಲ್ಲ ಅಂದಿರಿ. ಅವರನ್ನು ಕೇಳಿ ಬರೆದಿರಾ? ಕೊಡಗಿನ ಸಿ.ಬಿ. ಮುತ್ತಮ್ಮ ವಿದೇಶಾಂಗ ಸೇವೆಗೆ ಸೇರಿದ ಮೊದಲ ಮಹಿಳೆ. ಆ ಸೇವೆಯ ಹೆಂಗಸರು ಮದುವೆಯಾಗಲು ಸರಕಾರದ ಲಿಖಿತ ಅನುಮತಿ ಪಡೆಯಬೇಕಿತ್ತು. ಆದ ಮೇಲೆ ರಾಜೀನಾಮೆ ಕೇಳಿದರೂ ಕೇಳಬಹುದಿತ್ತು. ಗಂಡಸಿಗೆ ಆ ಕಾಟ ಇರಲಿಲ್ಲ. ಅವರು ಕೋರ್ಟಿಗೆ ಹೋದರು, 1979ರಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಸರಕಾರದ ಕಿವಿ ಹಿಂಡಿದರು. ನಿಮ್ಮ ಮನೆಯಲ್ಲಿ ಇಬ್ಬರ ಪೆನ್ಶನ್ ಬರುತ್ತದಲ್ಲ, ಮದುವೆಯಾದ ಹೆಂಗಸು ನೌಕರಿಯಲ್ಲಿ ಇರುವುದು ಸಹಜ ಅಂತ ನಮಗೆಲ್ಲ ಅನ್ನಿಸಲು ಎಷ್ಟು ಜನ ಹೊಡೆದಾಡಿದ್ದಾರೆ ನೋಡಿ.

ನಾನೇನು ಸಾಚಾ ಅಲ್ಲ. ನಮ್ಮ ರಾಜ್ಯದಲ್ಲಿ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಗಂಡಿನಷ್ಟೇ ಪಾಲು ಅಂತ 1994ರಲ್ಲೇ ಆಯಿತು, ದೇಶಕ್ಕೆ 2005ರಲ್ಲಿ. 1994ರಲ್ಲಿ ನನ್ನ ತಂಗಿಗೆ ಇನ್ನೂ ಮದುವೆ ಆಗಿರಲಿಲ್ಲ, ಹಾಗಾಗಿ ಕಾನೂನು ಅವಳಿಗೂ ಸೇರಿತ್ತು. ಅಪ್ಪ ತೀರಿಕೊಂಡ ವರ್ಷ ಅವಳನ್ನು ಗಂಡನ ಮನೆಯಿಂದ ಕರೆಸಿ ಹಕ್ಕು ಬಿಡುಗಡೆ ಪತ್ರಕ್ಕೆ ಸೈನ್ ಹಾಕಿಸಿದೆವು. ಅರಿಶಿನ ಕುಂಕುಮಕ್ಕೆ ಅಂತ ಒಂದಿಷ್ಟು ದುಡ್ಡು, ಒಂದು ಸೀರೆ. "ಎಲ್ಲಿ ಹಾಕಲಿ ಅಣ್ಣ?" ಅಂದಳು, ತೋರಿಸಿದೆ. ತವರಿನ ಬಾಗಿಲು ತೆರೆದಿರಲಿ ಅಂತ ಅವಳು ತೋಟ ಬಿಟ್ಟಳು. ಆ ತಿಂಗಳು ಪತ್ರಿಕೆಯಲ್ಲಿ ಮಹಿಳಾ ಹಕ್ಕಿನ ಮೇಲೆ ನನ್ನದೇ ಸಂಪಾದಕೀಯ ಇತ್ತು. ಮೊನ್ನೆ ನಿಮ್ಮ ಪತ್ರ ಓದಿ ಅವಳಿಗೆ ಫೋನು ಮಾಡಿದೆ, ಆ ಹಕ್ಕು ಬಿಡುಗಡೆ ಪತ್ರದ ಬಗ್ಗೆ ಮಾತಾಡೋಣ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಈ ಸಲ ಅಪ್ಪೆಮಿಡಿ ಎಷ್ಟು ಬಿಟ್ಟಿದೆ?" ಅಂತ ಕೇಳಿದಳು. ಮಾತು ಇನ್ನೂ ಮುಗಿದಿಲ್ಲ, ಮುಂದಿನ ವಾರ ಹೋಗುವವನಿದ್ದೇನೆ.

ಅಂದಹಾಗೆ, ನಿಮ್ಮ ಚಂದಾ ಹೋದ ತಿಂಗಳಿಗೆ ಮುಗಿದಿದೆ. ಈ ಸಲ ರಸೀದಿಯನ್ನು ಅಕ್ಕೋರ ಹೆಸರಿಗೆ ಬರೆಯಲೇ?

ಸಂ.